ಗ್ಲಾಮ್ ರಾಕ್ ಗುರುತು ಹಿಡಿಯುವುದು ಹೇಗೆ: ಮೊದಲು ಕಿವಿ, ಆಮೇಲೆ ಕಣ್ಣು

ಮುಖಕ್ಕೆ ಬಣ್ಣ, ಮೈಮೇಲೆ ಮಿರಿಮಿರಿ ಬಟ್ಟೆ, ಕಾಲಿಗೆ ಎತ್ತರದ ಅಟ್ಟೆಯ ಬೂಟು ಕಂಡ ಕೂಡಲೇ ‘ಇದು ಗ್ಲಾಮ್ ರಾಕ್’ (ಎಪ್ಪತ್ತರ ದಶಕದ ಶುರುವಿನ ಬ್ರಿಟಿಷ್ ರಾಕ್ ಸಂಗೀತದ ಒಂದು ಬಗೆ) ಎಂದು ಚೀಟಿ ಅಂಟಿಸಿಬಿಡುವ ಅಭ್ಯಾಸ ಬಹಳ ಜನಕ್ಕಿದೆ. ಆ ಲೆಕ್ಕ ಹಿಡಿದರೆ ಕಿಸ್, ಆಲಿಸ್ ಕೂಪರ್, ಪಾಯ್ಸನ್, ಡ್ಯುರಾನ್ ಡ್ಯುರಾನ್ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಇವುಗಳಲ್ಲಿ ಒಂದೂ ಗ್ಲಾಮ್ ರಾಕ್ ಅಲ್ಲ. ಇನ್ನೊಂದು ಕಡೆ ಸುಝಿ ಕ್ವಾಟ್ರೊ ಅವರನ್ನು ನೋಡಿ: ಬಣ್ಣವಿಲ್ಲ, ಮಿನುಗಿಲ್ಲ, ಒಂದು ಚರ್ಮದ ಉಡುಪು, ಕೈಯಲ್ಲಿ ಬೇಸ್ ಗಿಟಾರ್. ಆದರೂ 1973ರಲ್ಲಿ ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇರಿದ ಅವರ ‘ಕ್ಯಾನ್ ದ ಕ್ಯಾನ್’ ಅಪ್ಪಟ ಗ್ಲಾಮ್. ಹಾಗಾಗಿ ಈ ಪ್ರಕಾರವನ್ನು ಕಲಿಯಬೇಕೆಂದರೆ ವಿಡಿಯೊ ಆಫ್ ಮಾಡಿ ಶುರುಮಾಡಬೇಕು.

ಕಾಲ ಮತ್ತು ಜಾಗ

ಗ್ಲಾಮ್ ರಾಕ್ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಅದರ ಭರಾಟೆ 1971ರಿಂದ 1974ರವರೆಗೆ, ಅಷ್ಟೇ. ಮಾರ್ಕ್ ಬೋಲನ್ ಅದಕ್ಕೂ ಮುಂಚೆ ವೇದಿಕೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಅಕೌಸ್ಟಿಕ್ ಗಿಟಾರ್ ಹಿಡಿದು ಮಾಯಾಲೋಕದ ಹಾಡು ಹೇಳುತ್ತಿದ್ದ ಹಿಪ್ಪಿ. 1970ರ ಅಕ್ಟೋಬರಿನಲ್ಲಿ ತಂಡದ ಹೆಸರನ್ನು ಟಿ. ರೆಕ್ಸ್ ಎಂದು ಮೊಟಕು ಮಾಡಿ, ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡು ‘ರೈಡ್ ಎ ವೈಟ್ ಸ್ವಾನ್’ ತಂದ. ಅದರಲ್ಲಿ ಡ್ರಮ್ಸ್ ಇಲ್ಲ, ಚಪ್ಪಾಳೆಯೇ ತಾಳ. ಹಾಡು ಮೆಲ್ಲಗೆ ಹತ್ತುತ್ತಾ ಹೋಗಿ ಮರುವರ್ಷದ ಜನವರಿಯಲ್ಲಿ 2ನೇ ಸ್ಥಾನ ಮುಟ್ಟಿತು. 1971ರ ಮಾರ್ಚಿನಲ್ಲಿ ‘ಹಾಟ್ ಲವ್’ ಹಾಡಲು ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಬಂದಾಗ ಅವನ ಕಣ್ಣಿನ ಕೆಳಗೆ ಮಿನುಗು ಪುಡಿ ಹೊಳೆಯುತ್ತಿತ್ತು. ಬಿಬಿಸಿ-1 ಬಣ್ಣದ ಪ್ರಸಾರಕ್ಕೆ ಬಂದದ್ದು 1969ರ ನವೆಂಬರ್ 15ರಂದು; ಕಪ್ಪು-ಬಿಳುಪಿನ ಪೆಟ್ಟಿಗೆಯಲ್ಲಿ ಅದೇ ಮಿನುಗು ಬರೀ ಬೆವರಿನ ಹಾಗೆ ಕಾಣುತ್ತಿತ್ತು.

ಹಾಡು 1971ಕ್ಕಿಂತ ಹಿಂದಿನದೋ 1975ರ ನಂತರದ್ದೋ ಆಗಿದ್ದರೆ ‘ಗ್ಲಾಮ್’ ಎನ್ನುವ ಮುಂಚೆ ಎರಡು ಸಲ ಯೋಚಿಸಿ. ಗ್ಲಾಮಿನ ದೊಡ್ಡ ತಾರೆ ಡೇವಿಡ್ ಬೋವಿಯೇ 1975ರ ಹೊತ್ತಿಗೆ ‘ಯಂಗ್ ಅಮೆರಿಕನ್ಸ್’ ಆಲ್ಬಮ್ ಮಾಡಿ ಸೋಲ್ ಸಂಗೀತದ ಕಡೆ ನಡೆದುಬಿಟ್ಟಿದ್ದ.

ಕಿವಿಯ ಪರೀಕ್ಷೆ

ಫೋನಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಹಾಕಿಕೊಳ್ಳಿ. ಈ ಪ್ರಕಾರದ ಅರ್ಧ ಗುಟ್ಟು ಕೆಳಸ್ಥಾಯಿಯ ಡ್ರಮ್ಮಿನಲ್ಲೂ, ಎಡ-ಬಲ ಕಿವಿಗೆ ಹಂಚಿದ ಗಿಟಾರಿನಲ್ಲೂ ಇದೆ. ಸಣ್ಣ ಸ್ಪೀಕರ್ ಇವೆರಡನ್ನೂ ನುಂಗಿಹಾಕುತ್ತದೆ.

ಮೊದಲು ತಾಳ. ಕಾಲಿನಲ್ಲಿ ಪೆಟ್ಟು ಹಾಕುತ್ತಾ 15 ಸೆಕೆಂಡು ಎಣಿಸಿ, 4ರಿಂದ ಗುಣಿಸಿ. ಗ್ಲಾಮ್ ಹಾಡುಗಳು ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 140 ಪೆಟ್ಟಿನ ಆಸುಪಾಸು ಸಿಗುತ್ತವೆ. ಟಿ. ರೆಕ್ಸ್‌ನ ‘ಗೆಟ್ ಇಟ್ ಆನ್’ ಸುಮಾರು 126. ಜನ ಗುಂಪಾಗಿ ನಿಂತು ನೆಲಕ್ಕೆ ಕಾಲು ಕುಟ್ಟಲು ಹೇಳಿ ಮಾಡಿಸಿದ ವೇಗ ಅದು. ‘ಬಾಲ್‌ರೂಮ್ ಬ್ಲಿಟ್ಜ್’ ಥರದ ಕೆಲವು ಈ ಲೆಕ್ಕ ಮೀರಿ ಓಡುತ್ತವೆ, ಇರಲಿ.

ವೇಗಕ್ಕಿಂತ ಮುಖ್ಯವಾದದ್ದು ನಡೆ. ಒಂದೊಂದು ಪೆಟ್ಟಿನೊಳಗೆ ‘ತಕದಿಮಿ’ ಕೂರುತ್ತದೋ ‘ತಕಿಟ’ ಕೂರುತ್ತದೋ ಹೇಳಿ ನೋಡಿ. ತಕಿಟ ಕೂತರೆ ಅದು ತಿಶ್ರ ನಡೆ. ಈಗ ನಡುವಿನ ‘ಕಿ’ಯನ್ನು ಬಾಯಲ್ಲಿ ಹೇಳದೆ ಮನಸ್ಸಿನಲ್ಲೇ ನುಂಗಿ: ತ–ಟ, ತ–ಟ, ತ–ಟ. ಇದನ್ನೇ ರಾಕ್‌ನವರು ಶಫಲ್ ಅನ್ನುತ್ತಾರೆ. ಸ್ಲೇಡ್ ತಂಡದ ‘ಕಮ್ ಆನ್ ಫೀಲ್ ದ ನಾಯ್ಸ್’ ಹಾಕಿಕೊಂಡು ಇದನ್ನು ಗುನುಗಿದರೆ ಎರಡು ಸಾಲಿನೊಳಗೆ ಮೈಗೆ ಹತ್ತುತ್ತದೆ. ‘ಗೆಟ್ ಇಟ್ ಆನ್’ ಮಾತ್ರ ಚತುರಶ್ರ. ಅಂದರೆ ತಿಶ್ರ ಸಿಕ್ಕರೆ ಗ್ಲಾಮ್ ಎಂಬ ಅನುಮಾನ ಬಲವಾಗುತ್ತದೆ, ಸಿಗಲಿಲ್ಲ ಎಂದು ಹಾಡನ್ನು ಹೊರಗೆ ಹಾಕುವಂತಿಲ್ಲ. (ಸ್ಲೇಡ್ ತಮ್ಮ ಹಾಡುಗಳ ಹೆಸರಿನ ಕಾಗುಣಿತವನ್ನು ಬೇಕೆಂದೇ ತಪ್ಪು ಬರೆಯುತ್ತಿದ್ದರು. ಕನ್ನಡ ಲಿಪಿಯಲ್ಲಿ ಆ ಕಿತಾಪತಿ ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ಹುಡುಕುವಾಗ ಸರಿಯಾದ ಕಾಗುಣಿತ ಕೊಟ್ಟರೆ ಬೇರೆಯವರ ಹಾಡುಗಳು ಎದುರಾದಾವು.)

ಎರಡನೆಯದು ಡ್ರಮ್ಮಿನ ಸದ್ದು. ಗ್ಲಾಮ್ ಡ್ರಮ್ ಒಣಗಿದ, ದಪ್ಪ ಸದ್ದು: ಬಾಗಿಲಿಗೆ ಅಂಗೈಯಿಂದ ಹೊಡೆದ ಹಾಗೆ ‘ಧಪ್’ ಎಂದು ನಿಂತುಬಿಡುತ್ತದೆ, ಗುಂಯ್‌ಗುಡುವುದಿಲ್ಲ. ಎಪ್ಪತ್ತರ ದಶಕದ ಸ್ಟುಡಿಯೊಗಳಲ್ಲಿ ಡ್ರಮ್ಮಿನ ಚರ್ಮದ ಮೇಲೆ ಟವೆಲ್ ಹಾಸಿ ಗುಂಗು ಕೊಲ್ಲುತ್ತಿದ್ದರು. ಅದರ ಮೇಲೆ ಚಪ್ಪಾಳೆ, ಕಾಲ ತುಳಿತ. ಈ ಸದ್ದನ್ನು ಅತಿಗೆ ಒಯ್ದದ್ದು ನಿರ್ಮಾಪಕ ಮೈಕ್ ಲಿಯಾಂಡರ್. 1972ರಲ್ಲಿ ಗ್ಯಾರಿ ಗ್ಲಿಟರ್‌ನ ‘ರಾಕ್ ಅಂಡ್ ರೋಲ್’ಗಾಗಿ ಬಹುತೇಕ ವಾದ್ಯಗಳನ್ನು ತಾನೇ ನುಡಿಸಿ ಒಂದರ ಮೇಲೊಂದು ಪೇರಿಸಿದ, ವೇದಿಕೆಯಲ್ಲಿ ಅದನ್ನು ಎತ್ತಲು ಇಬ್ಬರು ಡ್ರಮ್ಮರುಗಳು ಬೇಕಾದರು. ಗಾಯಕ ಮುಂದೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಜೈಲು ಸೇರಿದ. ಆ ಹಾಡುಗಳು ಈಗಿನ ಗ್ಲಾಮ್ ಪಟ್ಟಿಗಳಲ್ಲಿ ಹೆಚ್ಚು ಸಿಗದಿರುವುದಕ್ಕೆ ಕಾರಣ ಅದು.

ಮೂರನೆಯದು ಗಿಟಾರ್. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದರೊಳಗೆ ಚಕ್ ಬೆರ್ರಿ ಕಾಣುತ್ತಾನೆಯೇ? ಗ್ಲಾಮ್‌ನವರು ಐವತ್ತರ ದಶಕದ ರಾಕ್ ಅಂಡ್ ರೋಲ್ ಅನ್ನು ಎತ್ತಿಕೊಂಡು, ವೇಗ ತಗ್ಗಿಸಿ, ಸದ್ದು ದಪ್ಪ ಮಾಡಿ, ಫಜ್ (ಗುರುಗುಟ್ಟುವ ಒಡಕು ಸದ್ದು) ಹಾಕಿದರು. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅಂದರೆ ನಾಲ್ಕೈದು ಸ್ವರ, ಒಮ್ಮೆ ಕೇಳಿದರೆ ಬಾಯಿಗೆ ಬರುವಂಥದ್ದು. ಸೋಲೊ ಬಂದರೂ ಚಿಕ್ಕದು, ಗುನುಗಬಹುದಾದದ್ದು. ಬೋವಿಯ ಜೊತೆಗಾರ ಮಿಕ್ ರಾನ್ಸನ್‌ನ ಗಿಟಾರ್ ಮೂಗಿನಿಂದ ಹಾಡಿದಂತೆ ಕೇಳುತ್ತದೆ. ಗಿಟಾರಿನ ಸದ್ದು ಬದಲಿಸುವ ವಾ-ವಾ ಪೆಡಲನ್ನು ಕಾಲಿನಿಂದ ಆಡಿಸದೆ ಅರ್ಧ ತುಳಿದು ಅಲ್ಲೇ ನಿಲ್ಲಿಸಿಬಿಡುತ್ತಿದ್ದ. ಮಧ್ಯಸ್ಥಾಯಿಯ ಒಂದು ಪಟ್ಟಿ ಮಾತ್ರ ಉಬ್ಬಿ ಬರುತ್ತಿತ್ತು.

ನಾಲ್ಕನೆಯದು ಹಿಂದಿನ ದನಿಗಳು. ‘ಗೆಟ್ ಇಟ್ ಆನ್’ನಲ್ಲಿ ಬೋಲನ್ ಪಿಸುಗುಟ್ಟುತ್ತಾನೆ, ಹಿಂದೆ ಹೊವರ್ಡ್ ಕೇಲನ್ ಮತ್ತು ಮಾರ್ಕ್ ವೋಲ್ಮನ್ ಕಳ್ಳದನಿಯಲ್ಲಿ ಮೇಲೆ ಕಿರುಚುತ್ತಾರೆ, ರಿಕ್ ವೇಕ್‌ಮನ್ ಪಿಯಾನೊ ಮೇಲೆ ಬೆರಳನ್ನು ಸರ್ರನೆ ಎಳೆದು ಹೋಗುತ್ತಾನೆ. ಆ ಎಳೆತಕ್ಕೆ ವೇಕ್‌ಮನ್‌ಗೆ ಸಿಕ್ಕಿದ್ದು 9 ಪೌಂಡ್. ಇಯಾನ್ ಮೆಕ್‌ಡೊನಾಲ್ಡ್‌ನ ಸ್ಯಾಕ್ಸೊಫೋನ್ ಕೆಳಗೆ ಗೊಣಗುತ್ತದೆ. ಇವೆಲ್ಲದರ ಮೇಲೆ ನಿರ್ಮಾಪಕ ಟೋನಿ ವಿಸ್ಕಾಂಟಿ ಪಿಟೀಲುಗಳ ಮೇಳ ಸೇರಿಸಿದ, ಅದೂ ಬೆರಳೆಣಿಕೆಯ ಸ್ವರಗಳಲ್ಲಿ. ಒಂದೊಂದೇ ಸಲ ಒಂದೊಂದು ವಾದ್ಯವನ್ನು ಬೆನ್ನು ಹತ್ತಿ ಈ ಹಾಡನ್ನು ಐದು ಬಾರಿ ಕೇಳಿ. ಗ್ಲಾಮ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊನೆಗೆ ಪಲ್ಲವಿ. ಮೂರ್ನಾಲ್ಕು ನಿಮಿಷದ ಹಾಡು, ಫುಟ್‌ಬಾಲ್ ಮೈದಾನದಲ್ಲಿ ಸಾವಿರಾರು ಜನ ಒಟ್ಟಿಗೆ ಕೂಗಬಹುದಾದ ಪಲ್ಲವಿ. ಈ ಗುರುತು ಕೈಕೊಡುವುದೂ ಉಂಟು: ರಾಕ್ಸಿ ಮ್ಯೂಸಿಕ್ ತಂಡದ ‘ವರ್ಜಿನಿಯಾ ಪ್ಲೇನ್’ಗೆ (1972) ಪಲ್ಲವಿಯೇ ಇಲ್ಲ, ಹಾಡು ಗಕ್ಕನೆ ನಿಂತುಹೋಗುತ್ತದೆ. ಬ್ರಯಾನ್ ಈನೊನ ಸಿಂಥಸೈಜರ್, ಆಂಡಿ ಮೆಕೇಯ ಓಬೊ, ಸ್ಯಾಕ್ಸೊಫೋನ್‌ಗಳಿದ್ದರೂ ತಾಳ, ಡ್ರಮ್, ಚುಟುಕುತನ ಎಲ್ಲವೂ ಗ್ಲಾಮಿನವೇ. ಐದು ಗುರುತುಗಳಲ್ಲಿ ಮೂರು ಸಿಕ್ಕರೆ ಮುಂದಿನ ಪರೀಕ್ಷೆಗೆ ಹೋಗಬಹುದು.

ಈಗ ವಿಡಿಯೊ ಹಾಕಿ

ಕಣ್ಣಿಂದ ನೋಡುವಾಗ ‘ಬಣ್ಣ ಇದೆಯೇ’ ಎಂದು ಕೇಳಬೇಡಿ, ‘ಈ ಬಣ್ಣ ಏನು ಮಾಡುತ್ತಿದೆ’ ಎಂದು ಕೇಳಿ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿ ಎದ್ದವನು ಪಾತ್ರವಾಗಿ ಎದ್ದಿರುತ್ತಾನೆ. ಬೋವಿ ಮಾಡಿದ್ದು ಇಂಥದ್ದನ್ನೇ, ಅವನ ಗುರು ಬೇರೆ: ಲಿಂಡ್ಸೆ ಕೆಂಪ್‌ನ ಮೂಕಾಭಿನಯ, ಆಮೇಲೆ ಜಪಾನಿನ ಕಾಬುಕಿ ರಂಗಕಲೆ. ಕನ್ಸಾಯ್ ಯಾಮಾಮೊಟೊ ಅವನಿಗೆ ಉಡುಪು ಮಾಡಿಕೊಟ್ಟರು. ಝಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರದ ಆಲ್ಬಮ್ 1972ರ ಜೂನ್ 16ರಂದು ಬಂತು. ಜುಲೈ 6ರಂದು ಟಿವಿಯಲ್ಲಿ ‘ಸ್ಟಾರ್‌ಮನ್’ ಹಾಡುತ್ತಾ ಬೋವಿ ರಾನ್ಸನ್‌ನ ಹೆಗಲ ಮೇಲೆ ಕೈ ಹಾಕಿದ. ಈಗ ನೋಡಿದರೆ ಏನೂ ಅನ್ನಿಸದು. ಗಂಡಸರ ನಡುವಿನ ಲೈಂಗಿಕ ಸಂಬಂಧ ಇಂಗ್ಲೆಂಡಿನಲ್ಲಿ ಭಾಗಶಃ ಕಾನೂನುಬದ್ಧವಾಗಿ ಆಗ ಐದೇ ವರ್ಷವಾಗಿತ್ತು. ಮರುವರ್ಷ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ವೇದಿಕೆಯ ಮೇಲೆಯೇ ಆ ವೇಷವನ್ನು ಮುಗಿಸಿದ.

ಎಲ್ಲರೂ ಬೋವಿಯಷ್ಟು ಆಳಕ್ಕೆ ಹೋಗಲಿಲ್ಲ. ಸ್ಲೇಡ್‌ನವರು ವುಲ್ವರ್‌ಹ್ಯಾಂಪ್ಟನ್ ಕಡೆಯ ದುಡಿಯುವ ವರ್ಗದ ಹುಡುಗರು. ಅವರಿಗೆ ಮಿಂಚು ಅಂದರೆ ಜಾತ್ರೆಯ ಖುಷಿ. ಈ ಎರಡು ಬಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಒಂದು ಒಳ್ಳೆಯ ಜೋಡಿ ಇದೆ. ಬೋವಿಯ ‘ದ ಜೀನ್ ಜೀನಿ’ 1972ರ ನವೆಂಬರಿನಲ್ಲಿ ಬಂತು, ಸ್ವೀಟ್ ತಂಡದ ‘ಬ್ಲಾಕ್‌ಬಸ್ಟರ್’ 1973ರ ಜನವರಿಯಲ್ಲಿ. ಕಂಪನಿಯೂ ಒಂದೇ, ರಿಫ್ ಕೂಡ ಹೆಚ್ಚುಕಮ್ಮಿ ಒಂದೇ. ಎರಡಕ್ಕೂ ಬೇರು ಹಳೆಯ ಬ್ಲೂಸ್‌ನಲ್ಲಿದೆ. ಬೋವಿ ಹಾರ್ಮೋನಿಕಾ ಊದಿ ಸೊಟ್ಟ ನಗೆಯ ಹಾಡು ಮಾಡಿದ. ಸ್ವೀಟ್‌ಗೆ ಹಾಡು ಬರೆದುಕೊಡುತ್ತಿದ್ದ ಚಿನ್ ಮತ್ತು ಚಾಪ್‌ಮನ್ ಜೋಡಿ ಪೊಲೀಸ್ ಸೈರನ್ ಹಾಕಿ ಗದ್ದಲ ಎಬ್ಬಿಸಿತು. 1ನೇ ಸ್ಥಾನಕ್ಕೆ ಹೋದದ್ದು ಸ್ವೀಟ್, ಬೋವಿ 2ಕ್ಕೆ ನಿಂತ. ವಿಮರ್ಶಕರು ಬೋವಿಯನ್ನು ಹೊತ್ತು ಮೆರೆಸುತ್ತಾರೆ, ಸರಿ. ಆದರೆ ‘ಬ್ಲಾಕ್‌ಬಸ್ಟರ್’ ಕೇಳದೆ ಗ್ಲಾಮ್ ಗೊತ್ತು ಅನ್ನುವುದು ಅರ್ಧ ಊಟ ಮಾಡಿ ಎದ್ದ ಹಾಗೆ.

ನೆಂಟರು, ನೆರೆಹೊರೆಯವರು

ಹೆಚ್ಚು ಗೊಂದಲ ಆಗುವುದು ಗ್ಲಾಮ್ ಮೆಟಲ್ ಜೊತೆ. ಅದನ್ನೇ ಹೇರ್ ಮೆಟಲ್ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಈ ಗೊಂದಲ ಇನ್ನಷ್ಟು: ಉಪಗ್ರಹ ಚಾನೆಲ್‌ಗಳಲ್ಲಿ ಎಂಟಿವಿ ಭಾರತಕ್ಕೆ ಬಂದದ್ದು 1991ರಲ್ಲಿ, ಹೇರ್ ಮೆಟಲ್‌ನ ಬಾಲ ಇನ್ನೂ ಅಲ್ಲಾಡುತ್ತಿದ್ದಾಗ. ಬೋಲನ್ ಅಷ್ಟು ಹೊತ್ತಿಗೆ ಸತ್ತೇ 14 ವರ್ಷವಾಗಿತ್ತು. ಗ್ಲಾಮ್ ಮೆಟಲ್ ಲಾಸ್ ಏಂಜಲಿಸ್‌ನ ಕೂಸು, ಎಂಬತ್ತರ ದಶಕದ್ದು: ಮಾಟ್ಲಿ ಕ್ರೂ, ರ‍್ಯಾಟ್, ಪಾಯ್ಸನ್.

ವ್ಯತ್ಯಾಸ ಹಿಡಿಯಲು ಮಾತಿಗಿಂತ ಒಂದು ಪ್ರಯೋಗ ಸಲೀಸು. ಸ್ಲೇಡ್‌ನ ‘ಕಮ್ ಆನ್ ಫೀಲ್ ದ ನಾಯ್ಸ್’ (1973) ಹಾಡನ್ನೇ ಲಾಸ್ ಏಂಜಲಿಸ್‌ನ ಕ್ವಯಟ್ ರಯಟ್ ತಂಡ 1983ರಲ್ಲಿ ಮತ್ತೆ ಹಾಡಿ ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಒಯ್ಯಿತು. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ. ಸ್ಲೇಡ್ ಶುರುವಾಗುವುದು ನಾಡಿ ಹೋಲ್ಡರ್‌ನ ಒರಟು ಕೂಗಿನಿಂದ. ಕ್ವಯಟ್ ರಯಟ್ ಶುರುವಾಗುವುದು ಡ್ರಮ್ಮಿನಿಂದ. ಆ ಡ್ರಮ್ ಕೇಳಿ: ಕಲ್ಯಾಣ ಮಂಟಪದ ಖಾಲಿ ಹಾಲ್‌ನಲ್ಲಿ ಹೊಡೆದ ಹಾಗೆ ಗುಂಯ್ ಅನ್ನುತ್ತದೆ. ಗಿಟಾರಿನ ಫಜ್ ಹೋಗಿ, ಅಂಚು ಹರಿತವಾದ, ಒತ್ತಿ ಬಿಗಿದ ಡಿಸ್ಟಾರ್ಷನ್ ಬಂದಿದೆ. ನಡುವೆ ಗಿಟಾರ್ ಸೋಲೊಗೆ ಅಂಗಳ ಬಿಟ್ಟುಕೊಟ್ಟಿದ್ದಾರೆ. ಸ್ಲೇಡ್‌ನಲ್ಲಿ ಮೈದಾನದ ಜನರೆಲ್ಲ ಹಾಡುತ್ತಿದ್ದಾರೆ ಅನ್ನಿಸುತ್ತದೆ, ಕ್ವಯಟ್ ರಯಟ್‌ನಲ್ಲಿ ತಂಡ ಎತ್ತರದ ವೇದಿಕೆಯ ಮೇಲಿದೆ, ನಾವು ಕೆಳಗಿದ್ದೇವೆ. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಎರಡೂ ಕೈಯಿಂದ ಗಿಟಾರಿನ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಬಡಿಯುವುದನ್ನು ತೋರಿಸಿಕೊಟ್ಟ ಮೇಲೆ ಗ್ಲಾಮ್ ಮೆಟಲ್‌ನ ಗಿಟಾರಿಗರೆಲ್ಲ ಅದರ ಹಿಂದೆ ಬಿದ್ದರು. ಬೋಲನ್‌ಗೆ ಅಂಥ ಕೈಚಳಕ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹಾರ್ಡ್ ರಾಕ್ ಗ್ಲಾಮಿನ ಸಮಕಾಲೀನ, ಆದರೆ ಸ್ವಭಾವ ತದ್ವಿರುದ್ಧ. ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ (1972) ಆಲ್ಬಮ್ಮಿನ ಕೊನೆಯ ಹಾಡೊಂದೇ 20 ನಿಮಿಷದ ಹತ್ತಿರ. ಗ್ಲಾಮ್ ಅಷ್ಟು ಹೊತ್ತಿನಲ್ಲಿ ಐದು ಸಿಂಗಲ್ (ಬಿಡಿ ಹಾಡು) ಮುಗಿಸುತ್ತದೆ. ಪ್ರಾಗ್ರೆಸಿವ್ ರಾಕ್ ಇನ್ನೂ ದೂರ; ತಾಳ ಎಣಿಸಲು ಹೋಗಿ ಬೆರಳು ಸಾಲದೆ ಬಂದರೆ ಅದು ಪ್ರಾಗ್.

ಆಲಿಸ್ ಕೂಪರ್ ಮತ್ತು ಕಿಸ್: ಇಬ್ಬರದೂ ಅಮೆರಿಕ, ಇಬ್ಬರಿಗೂ ಬಣ್ಣ. ಕೂಪರ್‌ನ ವೇದಿಕೆಯಲ್ಲಿ ಹಾವು, ತಲೆ ಕಡಿಯುವ ಯಂತ್ರ. ಹೆದರಿಸುವುದು ಅವನ ಕಸುಬು, ಆದ್ದರಿಂದ ಶಾಕ್ ರಾಕ್. ‘ಸ್ಕೂಲ್ಸ್ ಔಟ್’ ಒಂದು ಮಾತ್ರ ಗ್ಲಾಮಿನ ಹೊಸ್ತಿಲ ಮೇಲೆ ಕೂರುತ್ತದೆ. ಕಿಸ್‌ನ ನಾಲ್ವರಿಗೂ ಗಂಡುತನ ಮೆರೆಸುವ ಮುಖವಾಡ. ಕಣ್ಣು ಮುಚ್ಚಿ ಕೇಳಿದರೆ ನೇರ ಹಾರ್ಡ್ ರಾಕ್.

ನ್ಯೂಯಾರ್ಕ್ ಡಾಲ್ಸ್ (ಮೊದಲ ಆಲ್ಬಮ್ 1973) ಸೇತುವೆ ಇದ್ದ ಹಾಗೆ. ಈ ಕಡೆಯಿಂದ ನೋಡಿದರೆ ಗ್ಲಾಮ್, ಆ ಕಡೆಯಿಂದ ಪಂಕ್. 1976ರ ಪಂಕ್ ಹುಡುಗರು ಗ್ಲಾಮಿನಿಂದ ಚುಟುಕುತನ, ಕೂಗು, ಸರಳ ರಿಫ್ ಇಟ್ಟುಕೊಂಡು ಮಿನುಗನ್ನೂ ಪಿಟೀಲನ್ನೂ ಬಿಸಾಕಿದರು, ವೇಗ ಏರಿಸಿದರು, ತಿಶ್ರ ನಡೆಯನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟರು. ನ್ಯೂ ರೊಮ್ಯಾಂಟಿಕ್‌ನವರು, ಅಂದರೆ 1979ರ ಸುಮಾರಿಗೆ ಲಂಡನ್ನಿನ ಬ್ಲಿಟ್ಜ್ ಕ್ಲಬ್ಬಿನಲ್ಲಿ ಸೇರುತ್ತಿದ್ದವರು, ಬೋವಿಯ ಬಣ್ಣ ತೆಗೆದುಕೊಂಡರು, ಗಿಟಾರಿನ ಜಾಗಕ್ಕೆ ಸಿಂಥಸೈಜರ್ ತಂದರು.

ಕ್ವೀನ್? ಪಂಚಗಣಿಯ ಶಾಲೆಯಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿಯ ತಂಡವಾದ್ದರಿಂದ ಈ ಪ್ರಶ್ನೆ ನಮ್ಮವರಲ್ಲಿ ಬಂದೇ ಬರುತ್ತದೆ. 1974ರ ‘ಕಿಲ್ಲರ್ ಕ್ವೀನ್’ವರೆಗೆ ಗ್ಲಾಮಿನ ಪಕ್ಕದ ಮನೆಯವರು ಎನ್ನಬಹುದು. ಮುಂದಿನದನ್ನು ಯಾವ ಬುಟ್ಟಿಗೂ ಹಾಕಲಾಗದು.

ನುಡಿಸಿ ನೋಡುವವರಿಗೆ

ಎಲೆಕ್ಟ್ರಿಕ್ ಗಿಟಾರ್ ಇದ್ದವರು ಒಂದು ಸಂಜೆ ಖರ್ಚು ಮಾಡಿದರೆ ಮೇಲಿನದೆಲ್ಲ ಬೆರಳಿಗೇ ತಿಳಿಯುತ್ತದೆ. ಮೆಟ್ರೊನೋಮ್ 126ಕ್ಕೆ ಇಡಿ. ದಪ್ಪನೆಯ 6ನೇ ತಂತಿ ತೆರೆದು, 5ನೇ ತಂತಿಯ 2ನೇ ಫ್ರೆಟ್ ತೋರುಬೆರಳಿನಲ್ಲಿ ಒತ್ತಿ. ಈ ಎರಡು ತಂತಿಗೆ ಮಾತ್ರ ಎರಡು ಸಲ ಹೊಡೆಯಿರಿ. ತೋರುಬೆರಳು ಎತ್ತದೆ ಉಂಗುರಬೆರಳನ್ನು ಅದೇ ತಂತಿಯ 4ನೇ ಫ್ರೆಟ್‌ಗೆ ಇಟ್ಟು ಇನ್ನೆರಡು ಸಲ. ಇದೇ ಚಕ್ ಬೆರ್ರಿಯ ಬೂಗಿ. ಮೊದಲು ಸಮವಾಗಿ ನುಡಿಸಿ, ಆಮೇಲೆ ‘ತ–ಟ’ ನಡೆಗೆ ತನ್ನಿ. ಅಂಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ತಂತಿಗೆ ಲಘುವಾಗಿ ತಾಗಿಸಿದರೆ ಸದ್ದು ಹಿಡಿತಕ್ಕೆ ಬರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಗೇನ್ (ಸದ್ದು ಎಷ್ಟು ಒಡೆಯಬೇಕೆಂಬ ಅಳತೆ) ಜಾಸ್ತಿ ಇಡುವುದು. 10ರ ಗುಂಡಿಯಲ್ಲಿ 5ರಿಂದ ಶುರುಮಾಡಿ, ಆರೂ ತಂತಿಯ ಇ ಮೇಜರ್ ಕಾರ್ಡ್ ಹೊಡೆಯಿರಿ. ಒಂದೊಂದು ತಂತಿ ಬೇರೆಬೇರೆಯಾಗಿ ಕೇಳಬೇಕು. ಮುದ್ದೆಯಾದರೆ ಗೇನ್ ಇಳಿಸಿ, ವಾಲ್ಯೂಮ್ ಏರಿಸಿ. ವಾ-ವಾ ಪೆಡಲ್ ಇದ್ದರೆ ಹಿಮ್ಮಡಿ ಕಡೆಯಿಂದ ನಿಧಾನವಾಗಿ ಮುಂದಕ್ಕೆ ತುಳಿಯುತ್ತಾ ಬನ್ನಿ. ಸದ್ದು ಮೂಗಿಗೆ ಬಂದ ಜಾಗದಲ್ಲಿ ಕಾಲು ತೆಗೆಯಿರಿ. ಆಡಿಸುತ್ತಾ ಹೋದರೆ ಅದು ಫಂಕ್ ಆಗುತ್ತದೆ.

ರೆಕಾರ್ಡ್ ಮಾಡುವುದಾದರೆ ಗಿಟಾರನ್ನು ನಿಜವಾಗಿ ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡು ಕಡೆ ಇಟ್ಟರೆ ಹರವು ಬರುವುದಿಲ್ಲ, ಎರಡೂ ಸೇರಿ ನಡುವೆಯೇ ಜೋರಾಗಿ ಕೂರುತ್ತವೆ. ಸ್ನೇರ್ ಡ್ರಮ್ಮಿನ ಅರ್ಧಕ್ಕೆ ಅಡುಗೆಮನೆಯ ಬಟ್ಟೆ ಹಾಸಿ. ಕಂಪ್ಯೂಟರ್ ಡ್ರಮ್ಸ್ ಆದರೆ ರಿವರ್ಬ್ (ಹಾಲ್‌ನ ಗುಂಗು) ತೆಗೆದು, ಸಿಂಬಲ್ ಕಡಿಮೆ ಮಾಡಿ, ಸ್ನೇರ್ ಬೀಳುವಲ್ಲೆಲ್ಲ ಫ್ಲೋರ್ ಟಾಮ್ ಕೂಡ ಬೀಳಲಿ. ದನಿಯನ್ನೂ ಎರಡು ಸಲ ಹಾಡಿ ಒಂದರ ಮೇಲೊಂದು ಇಡಿ. ಎಕೊ ಹಾಕಿದರೆ 100ರಿಂದ 120 ಮಿಲಿಸೆಕೆಂಡಿನ ಒಂದೇ ಮರುದನಿ ಸಾಕು. ಉದ್ದನೆಯ ರಿವರ್ಬ್ ಬಿದ್ದರೆ ಹಾಡು 1973 ಬಿಟ್ಟು 1985ಕ್ಕೆ ಹಾರುತ್ತದೆ.

ಚಪ್ಪಾಳೆಯಲ್ಲಿ ಜನ ಸೋಲುವುದು ಹೆಚ್ಚು. ಮೂವರು ಗಟ್ಟಿ ನೆಲದ ಮೇಲೆ, ಮೈಕಿನಿಂದ ಒಂದು-ಒಂದೂವರೆ ಮೀಟರ್ ದೂರ ನಿಂತು, ನಾಲ್ಕು ಸಲ ರೆಕಾರ್ಡ್ ಮಾಡಿದರೆ ಹನ್ನೆರಡು ಜನರ ಚಪ್ಪಾಳೆ ಸಿಗುತ್ತದೆ. ಮೈಕ್ ಹತ್ತಿರವಾದರೆ ಕಡ್ಡಿ ಮುರಿದ ಹಾಗೆ ‘ಟಕ್’ ಅನ್ನುತ್ತದೆ. 2 ಮತ್ತು 4ನೇ ಪೆಟ್ಟಿಗೆ ತಟ್ಟಿ. ಒಬ್ಬರು ಮರದ ಹಲಗೆಯ ಮೇಲೆ ಬೂಟು ಹಾಕಿಕೊಂಡು ನಾಲ್ಕೂ ಪೆಟ್ಟಿಗೆ ತುಳಿಯಲಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಗೆರೆಗೆ ಸರಿಯಾಗಿ ಎಳೆದು ಕೂರಿಸುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಹನ್ನೆರಡು ಜನ ಮತ್ತೆ ಒಬ್ಬರಾಗಿಬಿಡುತ್ತಾರೆ. ಪೂರ್ತಿ ತಾಳ ತಪ್ಪಿದ ಚಪ್ಪಾಳೆಯನ್ನಷ್ಟೇ ತೆಗೆದುಹಾಕಿ, ಉಳಿದವು ಹಿಂದುಮುಂದಾಗಿಯೇ ಇರಲಿ.